ಪ್ರೊಸೆಸ್ ಮತ್ತು ಥ್ರೆಡ್ ಸೃಷ್ಟಿಯ ವೆಚ್ಚ

ಸರ್ವರ್ ಕಾರ್ಯಾಚರಣ ವ್ಯವಸ್ಥೆಯು ಹೊಸ ಪ್ರೊಸೆಸ್ ಅಥವಾ ಥ್ರೆಡ್ ಆರಂಭಿಸಲು ವ್ಯಯಿಸುವ ಸಮಯ ಮತ್ತು ಮೆಮೊರಿಯೇ ಅದರ ಸೃಷ್ಟಿವೆಚ್ಚ. ಯುನಿಕ್ಸ್‌ನಲ್ಲಿ ಪ್ರೊಸೆಸ್ ಅನ್ನು ಸೃಷ್ಟಿಸುವುದು ಫೋರ್ಕ್ ಎಂಬ ಸಿಸ್ಟಮ್ ಕಾಲ್. ಆರಂಭಿಕ ಆವೃತ್ತಿಗಳಲ್ಲಿ ಅದು ಮೂಲ ಪ್ರೊಸೆಸ್‌ನ ಮೆಮೊರಿಯನ್ನು ನಕಲು ಮಾಡುತ್ತಿತ್ತು. ಹೊಸ ಪ್ರೊಸೆಸ್ ಮರುಕ್ಷಣವೇ ಬೇರೊಂದು ಪ್ರೋಗ್ರಾಮ್ ಚಲಾಯಿಸಿದರೆ ಆ ಶ್ರಮವೆಲ್ಲ ವ್ಯರ್ಥ. ಲಿನಕ್ಸ್‌ನಲ್ಲಿ ಎರಡೂ ಪ್ರೊಸೆಸ್‌ಗಳು ಮೆಮೊರಿಯ ಪುಟಗಳನ್ನು ಹಂಚಿಕೊಂಡಿದ್ದು, ಯಾವುದಾದರೂ ಒಂದು ಬರೆಯಹೊರಟಾಗ ಮಾತ್ರ ಆ ಪುಟದ ಪ್ರತಿ ಸಿದ್ಧವಾಗುತ್ತದೆ. ಆದರೂ ಪುಟಗಳ ಕೋಷ್ಟಕವನ್ನು ನಕಲಿಸಬೇಕಾದ್ದರಿಂದ, ಹಲವು ಗಿಗಾಬೈಟ್ ಬಳಸುವ ಡೇಟಾಬೇಸ್ ಸರ್ವರ್‌ನಲ್ಲಿ ಫೋರ್ಕ್ ಗಮನಾರ್ಹ ವಿಳಂಬ ಉಂಟುಮಾಡಬಲ್ಲದು.

ಥ್ರೆಡ್‌ಗಳಿಗೆ ಈ ನಕಲು ಬೇಕಿಲ್ಲ. ತನ್ನದೇ ಸ್ಟ್ಯಾಕ್ ಮತ್ತು ರಿಜಿಸ್ಟರ್‌ಗಳ ಸ್ಥಿತಿ ಬಹುಮಟ್ಟಿಗೆ ಸಾಕು. ಈ ಅಗ್ಗಕ್ಕೆ ತೆರುವ ಬೆಲೆಯೂ ಸಣ್ಣದಲ್ಲ: ಒಂದು ಥ್ರೆಡ್ ಅಕ್ರಮವಾಗಿ ಮೆಮೊರಿ ಮುಟ್ಟಿದರೆ ಸಾಮಾನ್ಯವಾಗಿ ಇಡೀ ಪ್ರೊಸೆಸ್ ಕೊನೆಗೊಳ್ಳುತ್ತದೆ. ಅಪಾಚೆ ವೆಬ್ ಸರ್ವರ್‌ನ ಪ್ರಿಫೋರ್ಕ್ ವಿಧಾನವು ಪ್ರೊಸೆಸ್‌ಗಳನ್ನು ಮುಂಚಿತವಾಗಿಯೇ ಸೃಷ್ಟಿಸಿಟ್ಟು, ಕೋರಿಕೆ ಬಂದಾಗಿನ ಕಾಯುವಿಕೆಯನ್ನು ತಪ್ಪಿಸುತ್ತದೆ.