ವೈದ್ಯಯಂತ್ರವಿದ್ಯೆಯೂ ನಮ್ಮ ತರುಣರೂ

ಪ್ರತಿವರ್ಷವೂ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶ ಪ್ರಕಟವಾದೊಡನೆ ಹೊಸಪೇಟೆಯ ಮನೆಮನೆಗಳಲ್ಲಿಯೂ ಒಂದೇ ಮಾತು: ಮಗನು ಡಾಕ್ಟರನಾಗಬೇಕೋ, ಇಂಜಿನಿಯರನಾಗಬೇಕೋ? ಮಗಳ ವಿಷಯದಲ್ಲಿಯೂ ಈಗ ಇದೇ ಪ್ರಶ್ನೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಈ ಎರಡು ವಿದ್ಯೆಗಳೂ ಕೂಡುವ ಮೂರನೆಯ ವೃತ್ತಿಯೊಂದುಂಟೆಂಬುದು ನಮ್ಮ ಭಾಗದ ಪೋಷಕರಲ್ಲಿ ಬಹುಮಂದಿಯ ಗಮನಕ್ಕೆ ಬಂದಂತಿಲ್ಲ. ಅದೇ ಬಯೋಮೆಡಿಕಲ್ ಇಂಜಿನಿಯರಿಂಗ್. ನಮ್ಮ ಮಾತಿನಲ್ಲಿ ವೈದ್ಯಯಂತ್ರವಿದ್ಯೆ ಎನ್ನಬಹುದು.

ಅದರ ಬೆಲೆಯನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. 2021ನೆಯ ಇಸವಿಯ ಮೇ ತಿಂಗಳಲ್ಲಿ, ಕೋವಿಡ್ ಮಾರಿಯ ಎರಡನೆಯ ಅಲೆ ದೇಶವನ್ನು ತಲ್ಲಣಗೊಳಿಸಿದ್ದಾಗ, ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಜಿಂದಾಲ್ ಉಕ್ಕಿನ ಕಾರ್ಖಾನೆಯ ಬಳಿ ಸಾವಿರ ಹಾಸಿಗೆಗಳ ತಾತ್ಕಾಲಿಕ ಆಸ್ಪತ್ರೆ ಎದ್ದಿತು. ಕರಗಿದ ಕಬ್ಬಿಣದೊಳಗಿನ ಇಂಗಾಲವನ್ನು ಸುಡುವುದಕ್ಕೆಂದು ತಯಾರಾಗುವ ಆಮ್ಲಜನಕವೇ ಕೊಳವೆಯ ಮೂಲಕ ರೋಗಿಯ ಹಾಸಿಗೆಗೆ ಬಂದಿತು. ಕಾರ್ಖಾನೆಯ ಅನಿಲಕ್ಕೂ ರೋಗಿಯ ಶ್ವಾಸಕೋಶಕ್ಕೂ ನಡುವೆ ಶುದ್ಧಿಯ ಪರೀಕ್ಷೆ, ಒತ್ತಡವನ್ನು ಇಳಿಸುವ ಕವಾಟ, ನಿಮಿಷಕ್ಕೆ ಇಷ್ಟೇ ಲೀಟರೆಂದು ಅಳೆಯುವ ಮಾಪಕ ಇವೆಲ್ಲ ಇರಬೇಕು. ಒಂದು ತಪ್ಪಿದರೂ ಪ್ರಾಣವಾಯುವೇ ಪ್ರಾಣಾಪಾಯವಾದೀತು. ಈ ನಡುವಣ ಸ್ಥಳವೇ ವೈದ್ಯಯಂತ್ರಜ್ಞನ ಕಾರ್ಯಕ್ಷೇತ್ರ.

ಹೃದಯಕ್ಕೆ ನೇರವಾಗಿ ತಾಗುವ ಉಪಕರಣದಿಂದ, ಎಲ್ಲವೂ ಸರಿಯಿದ್ದಾಗ, 10 ಮೈಕ್ರೋ ಆಂಪಿಯರಿಗಿಂತ ಹೆಚ್ಚು ವಿದ್ಯುತ್ತು ಸೋರಕೂಡದೆಂಬುದು ಅಂತರರಾಷ್ಟ್ರೀಯ ನಿಯಮ. ಮನೆಯ ದೀಪವೊಂದು ಸೆಳೆಯುವ ಪ್ರವಾಹದಲ್ಲಿ ಇದು ಸಾವಿರಾರು ಪಾಲಿನಲ್ಲೊಂದು ಪಾಲು. ಇದನ್ನು ಅಳೆಯಬಲ್ಲವರಿಲ್ಲದ ಆಸ್ಪತ್ರೆಗೆ ಕೋಟಿ ರೂಪಾಯಿಯ ಯಂತ್ರವನ್ನು ತರಿಸಿಕೊಟ್ಟು ಫಲವೇನು? ಕೇಂದ್ರ ಸರ್ಕಾರವು 2015ರಲ್ಲಿ ಉಪಕರಣ ನಿರ್ವಹಣೆಯ ಯೋಜನೆಯನ್ನು ಕೈಗೊಂಡ ಸಂದರ್ಭದ ಗಣತಿಯಲ್ಲಿ, ಸರ್ಕಾರಿ ಆಸ್ಪತ್ರೆಗಳ ಉಪಕರಣಗಳಲ್ಲಿ ಒಂದೊಂದು ರಾಜ್ಯದಲ್ಲಿ ನೂರಕ್ಕೆ 13ರಿಂದ 34ರವರೆಗೆ ಕೆಟ್ಟು ನಿಂತಿದ್ದುದು ಹೊರಬಿದ್ದಿತು. 2022ರ ಸೆಪ್ಟೆಂಬರಿನಲ್ಲಿ ಬಳ್ಳಾರಿಯ ವಿಮ್ಸ್ ಆಸ್ಪತ್ರೆಯಲ್ಲಿ ವಿದ್ಯುತ್ತು ಕಡಿದುಹೋದ ದಿನ ತೀವ್ರ ನಿಗಾ ಘಟಕದ ರೋಗಿಗಳು ತೀರಿಕೊಂಡುದನ್ನು ವಾಚಕರು ಮರೆತಿರಲಾರರು. ಸಾವಿಗೆ ಕಾರಣವಾವುದೆಂಬುದು ವಾದಗ್ರಸ್ತವಾಯಿತು. ಆದರೆ ಉಸಿರಾಟದ ಯಂತ್ರದ ಹಿಂದಿನ ತಂತಿಯನ್ನು ನೋಡುವವರಾರು ಎಂಬ ಪ್ರಶ್ನೆಗೆ ವಾದ ಬೇಕಿಲ್ಲ.

ಹಂಪೆಗೆ ಬಂದವರು ಅರಮನೆಯ ಆವರಣದ ಕಲ್ಲಿನ ನಾಲೆಯನ್ನು ಕಂಡು ಬೆರಗಾಗುತ್ತಾರೆ, ಅದರಲ್ಲಿ ನೀರಿಲ್ಲ. ಸ್ವಲ್ಪ ದೂರದಲ್ಲಿ, ಅದೇ ವಿಜಯನಗರದ ಕಾಲದ ತುರ್ತು ಕಾಲುವೆ ಇಂದಿಗೂ ಬಾಳೆಯ ತೋಟಗಳ ನಡುವೆ ಹರಿಯುತ್ತಿದೆ. ಕಂಪ್ಲಿಯ ಕಾಲುವೆಯದೂ ಅದೇ ಭಾಗ್ಯ. ಕಟ್ಟಿದವರ ಜಾಣ್ಮೆಗೆ ಎಲ್ಲಿಯೂ ಕೊರತೆಯಿರಲಿಲ್ಲ. ಹೂಳೆತ್ತುವವರು, ತೂಬು ನೋಡುವವರು ಒಂದಕ್ಕೆ ಉಳಿದರು, ಇನ್ನೊಂದಕ್ಕೆ ಉಳಿಯಲಿಲ್ಲ.

ಈ ವಿದ್ಯೆಗೆ ಸಿ.ಇ.ಟಿ.ಯ ಮೂಲಕವೇ ಪ್ರವೇಶ. ನಾಲ್ಕು ವರ್ಷದ ಬಿ.ಇ. ಪದವಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಡಿಯಲ್ಲಿ ಬಯೋಮೆಡಿಕಲ್, ಮೆಡಿಕಲ್ ಎಲೆಕ್ಟ್ರಾನಿಕ್ಸ್ ಎಂಬ ಶಾಖೆಗಳುಂಟು. ಶರೀರಶಾಸ್ತ್ರವನ್ನೂ ವಿದ್ಯುನ್ಮಂಡಲಗಳನ್ನೂ ಜೊತೆಜೊತೆಯಾಗಿ ಓದಬೇಕು. ಮೊದಮೊದಲು ಸಂಬಳ ಸಣ್ಣದು. ಪದವಿ ಪಡೆದವರಲ್ಲಿ ಅನೇಕರು ಪರದೇಶದ ಯಂತ್ರಗಳನ್ನು ಮಾರುವ ಕೆಲಸಕ್ಕೇ ಇಳಿಯುವುದೂ ಉಂಟು. ಇದನ್ನು ಮುಚ್ಚಿಟ್ಟು ತರುಣರನ್ನು ಹುರಿದುಂಬಿಸುವುದು ನಮಗೆ ಒಪ್ಪಿಗೆಯಿಲ್ಲ.

ಹಾಗೆಂದು ಸ್ವದೇಶಿ ಸಾಧನೆಗೆ ಇಲ್ಲಿ ಎಡೆಯಿಲ್ಲವೆಂದಲ್ಲ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಶಸ್ತ್ರವೈದ್ಯರಾದ ಎಂ.ಎಸ್. ವಲಿಯತ್ತಾನ್ ಅವರೂ ಇಂಜಿನಿಯರುಗಳೂ ಕೂಡಿ ಹೃದಯದ ಕವಾಟವನ್ನು ರೂಪಿಸಹೊರಟಾಗ ಮೊದಲಿನ ಮೂರು ಮಾದರಿಗಳು ಸೋತವು. ನಾಲ್ಕನೆಯದನ್ನು 1990ರ ಡಿಸೆಂಬರಿನಲ್ಲಿ ರೋಗಿಗೆ ಜೋಡಿಸಿದರು. ಆಮೇಲೆ ಲಕ್ಷಕ್ಕೂ ಮಿಕ್ಕಿದ ಹೃದಯಗಳಲ್ಲಿ ಅದು ಕೆಲಸ ಮಾಡಿದೆ. ಆ ವಲಿಯತ್ತಾನರೇ ಮುಂದೆ ನಮ್ಮ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾಗಿದ್ದರು.

ಹೊಸಪೇಟೆಯು 2021ರಲ್ಲಿ ಜಿಲ್ಲಾಕೇಂದ್ರವಾಯಿತು. ಸಂಡೂರು, ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ಯಂತ್ರಕ್ಕೆ ಈ ಗಡಿ ತಿಳಿಯದು. ನಿರ್ವಹಣೆಯನ್ನೆಲ್ಲ ಗುತ್ತಿಗೆದಾರರಿಗೆ ಒಪ್ಪಿಸಿ ಸುಮ್ಮನಾಗದೆ, ಎರಡೂ ಜಿಲ್ಲಾ ಆಸ್ಪತ್ರೆಗಳಲ್ಲಿ ಖಾಯಂ ವೈದ್ಯಯಂತ್ರಜ್ಞರನ್ನು ನೇಮಿಸಿ, ಅವರು ವಾರಕ್ಕೊಮ್ಮೆಯಾದರೂ ತಾಲ್ಲೂಕು ಆಸ್ಪತ್ರೆಗಳಿಗೆ ಹೋಗಿಬರುವಂತೆ ಸರ್ಕಾರದವರು ಏರ್ಪಡಿಸಬೇಕು. ಆಗ ಇಲ್ಲಿಯ ಹುಡುಗನೋ ಹುಡುಗಿಯೋ ಓದಿ ಮುಗಿಸಿದ ಮೇಲೆ ಊರಿಗೆ ಹಿಂದಿರುಗಲು ಒಂದು ಕುರ್ಚಿಯಾದರೂ ಇದ್ದೀತು.