ಬಾಳಿನ ಗುರಿ: ಶಿಡ್ಲಘಟ್ಟದ ಗೂಡು, ಸಂತ ತೆರೇಸಾರ ಪಾಠ

ಓದು ಮುಗಿಸಿ ಬೆಂಗಳೂರು ಸೇರುವ ನಮ್ಮ ಕರಾವಳಿಯ ಯುವಜನರಿಗೆ ಚಿಕ್ಕಬಳ್ಳಾಪುರವೆಂದರೆ ನಂದಿಬೆಟ್ಟ, ಅಷ್ಟೆ. ಅದರಾಚೆಗಿನ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳೂ ಬೆಂಗಳೂರು ಮಹಾಧರ್ಮಪ್ರಾಂತ್ಯದ ಊರುಗಳೇ. 'ಬದುಕಿಗೆ ಶಾಶ್ವತವಾದ ಗುರಿ ಯಾವುದು?' ಎಂದು ಯುವಜನರ ಕೂಟಗಳಲ್ಲಿ ಕೇಳಿಬರುವ ಪ್ರಶ್ನೆಗೆ ಈ ಸೀಮೆಯ ಒಂದು ಹುಳು ಉತ್ತರ ಹೇಳಬಲ್ಲದು.

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ದೊಡ್ಡ ಸರ್ಕಾರಿ ಮಾರುಕಟ್ಟೆಯಿದೆ. ಹಿಪ್ಪುನೇರಳೆ ಸೊಪ್ಪು ತಿಂದು ಬೆಳೆಯುವ ಹುಳು ನಾಲ್ಕು ಬಾರಿ ಪೊರೆ ಕಳಚಿ, ಸುಮಾರು 4 ವಾರಗಳಲ್ಲಿ ಹಣ್ಣಾಗಿ, ಎರಡು ಮೂರು ದಿನಗಳಲ್ಲಿ ತನ್ನ ಸುತ್ತ ಗೂಡು ಕಟ್ಟುತ್ತದೆ. ಅಲ್ಲಿಯವರೆಗೆ ಸಾಕುವವರ ಮನೆಯಲ್ಲಿ ಹುಳುವಿನ ಹಸಿವೇ ಗಡಿಯಾರ. ಆದರೆ 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿದು ಬೆಳೆಗಾರರು ಬೀದಿಗಿಳಿಯಬೇಕಾಯಿತು. ದುಡಿಮೆ ನಮ್ಮದು, ಬೆಲೆ ಕಟ್ಟುವವರು ಬೇರೆ. ಚಿಂತಾಮಣಿಯ ಟೊಮೆಟೊ, ನಮ್ಮವರ ಗಲ್ಫ್ ನೌಕರಿ, ಎಲ್ಲಕ್ಕೂ ಇದೇ ಗತಿ. ಬಾಳಿನ ಅರ್ಥವನ್ನೆಲ್ಲ ಅಲ್ಲಿಯೇ ಇಟ್ಟವರು ಬೆಲೆ ಬಿದ್ದ ದಿನ ತಾವೂ ಬೀಳುತ್ತಾರೆ.

ಅವಿಲದ ಸಂತ ತೆರೇಸಾ 1577ರಲ್ಲಿ ಬರೆದ 'ಆತ್ಮದ ಒಳಕೋಟೆ'ಯ ಐದನೆಯ ನಿಲಯದಲ್ಲಿ ಇದೇ ಹುಳುವಿನ ಉದಾಹರಣೆ ಕೊಡುತ್ತಾರೆ. ತಾವದನ್ನು ಕಂಡಿಲ್ಲ, ಕೇಳಿದ್ದಷ್ಟೇ ಎಂದೂ ಹೇಳುತ್ತಾರೆ. (ಶಿಡ್ಲಘಟ್ಟದ ಯಾವ ತಾಯಿಯೂ ಅವರಿಗೆ ತೋರಿಸಬಹುದಿತ್ತು!) ಅವರ ವಿವರಣೆಯಲ್ಲಿ ಪಾಪನಿವೇದನೆ, ಪ್ರಸಂಗ, ಒಳ್ಳೆಯ ಪುಸ್ತಕ ಇವು ಸೊಪ್ಪು; ನಾವು ಕಟ್ಟುವ ಮನೆ ಕ್ರಿಸ್ತರೇ. ಆ ಮನೆಯೊಳಗೆ ನಮ್ಮ ಸ್ವಾರ್ಥ ಸಾಯಬೇಕು. ಆಗ ಹುಳು ಚಿಟ್ಟೆಯಾಗುತ್ತದೆ. ಸಂತ ಪೌಲರು ಕೊಲೊಸ್ಸೆಯವರಿಗೆ ಬರೆದ ಪತ್ರದ 3ನೇ ಅಧ್ಯಾಯ ಇದಕ್ಕೆ ಆಧಾರ.

ಆದರೆ ನೂಲು ತೆಗೆಯುವವರು ಗೂಡನ್ನು ಬಿಸಿನೀರಿಗೆ ಹಾಕುತ್ತಾರೆ, ಅದರಿಂದ ಚಿಟ್ಟೆ ಹೊರಬರುವುದಿಲ್ಲವಲ್ಲ ಎಂದು ರೈತರು ಕೇಳಿಯಾರು. ನ್ಯಾಯವಾದ ಪ್ರಶ್ನೆ. ಫಲ ಕಾಣದೆಯೇ ಮುಗಿದ ಬದುಕುಗಳಿವೆ. ಯೇಸುಸಭೆಯ ಫ್ರೆಂಚ್ ಗುರು ಲೆ ಗಾಕ್ 1709ರಲ್ಲಿ ಪತ್ರವೊಂದನ್ನು ಬರೆದದ್ದು 'ಚಿನ್ನಬಳ್ಳಾಪುರ'ದಿಂದ, ಅಂದರೆ ಚಿಕ್ಕಬಳ್ಳಾಪುರದಿಂದ. ಅವರ ಮಿಷನ್ನಿನ ಗುರುಗಳು ಸನ್ಯಾಸಿಗಳ ಉಡುಪು ತೊಟ್ಟು, ಮಾಂಸ ಬಿಟ್ಟು, ತೆಲುಗು ಕಲಿತು ದುಡಿದರು. 1773ರಲ್ಲಿ ಜಗದ್ಗುರುಗಳೇ ಯೇಸುಸಭೆಯನ್ನು ರದ್ದುಪಡಿಸಿದರು. ಲೆಕ್ಕ ಹಾಕಿದರೆ ಇದು ಸೋಲು. ಆದರೆ ಅವರು ಬಂದದ್ದು ಕ್ರಿಸ್ತರಿಗಾಗಿ. ಮಿಷನ್ ಮುಚ್ಚಿದ್ದರಿಂದ ಆ ಕಾರಣ ಸುಳ್ಳಾಗಲಿಲ್ಲ ಎಂಬುದು ನಮ್ಮ ನಂಬಿಕೆ.

ಗುರಿ ಸಿಕ್ಕಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ತೆರೇಸಾ ತಮ್ಮ ಮಠದ ಸೋದರಿಯರಿಗೆ ಸರಳವಾದ ಪರೀಕ್ಷೆ ಕೊಟ್ಟರು: ಕಾಯಿಲೆಯ ಸೋದರಿ ಕಂಡರೆ ಪ್ರಾರ್ಥನೆಯ ಸವಿಯನ್ನೂ ಬಿಟ್ಟು ಎದ್ದು ಹೋಗಬೇಕು. ನಮ್ಮ ಧರ್ಮಕೇಂದ್ರಗಳಲ್ಲಿ ಹಾಸಿಗೆ ಹಿಡಿದವರು ಯಾರ್ಯಾರೆಂದು ಗುರುಗಳಿಗೆ ಗೊತ್ತಿರುತ್ತದೆ. ಈ ಭಾನುವಾರ ಬಲಿಪೂಜೆಯ ನಂತರ ಕೇಳಿ ನೋಡಿ.