ಕಟ್ಟಿದ ಮರ ಕಡಲು ದಾಟಿದ ಕಥೆ

ಗ್ರೀಸ್ ದೇಶದ ಸ್ಯಾಂಟೊರಿನಿ ದ್ವೀಪಕ್ಕೆ ಹೋದವರು 'ಕೆಟಮರಾನ್ ವಿಹಾರ' ಮಾಡದೆ ಹಿಂದಿರುಗುವುದು ಅಪರೂಪ. ಬೆಳಿಗ್ಗೆ ದಕ್ಕೆಯಿಂದ ಹೊರಟ ಬಿಳಿಯ ನೌಕೆ ದ್ವೀಪದ ಅಂಚನ್ನು ಹಿಡಿದು ಸಾಗುತ್ತದೆ. ಕೆಂಪು ಬಂಡೆಗಳ ತೀರದ ಬಳಿ ಸ್ವಲ್ಪ ಹೊತ್ತು ನಿಲ್ಲುತ್ತದೆ, ಬಿಳಿ ಬಂಡೆಗಳ ತೀರದ ಬಳಿ ಮತ್ತೆ ಸ್ವಲ್ಪ ಹೊತ್ತು. ಜ್ವಾಲಾಮುಖಿಯ ಕಾವಿನಿಂದ ಬೆಚ್ಚಗಾದ ನೀರಿನಲ್ಲಿ ಈಜು, ನೌಕೆಯ ಮೇಲೆಯೇ ಊಟ, ಸೂರ್ಯ ಮುಳುಗುವ ಹೊತ್ತಿಗೆ ಮರಳಿ ದಡ. ಮಾಲ್ಟಾ, ಮಯೋರ್ಕಾ ಮುಂತಾದ ಮೆಡಿಟರೇನಿಯನ್ ದ್ವೀಪಗಳಲ್ಲೂ ಹೆಚ್ಚುಕಡಿಮೆ ಇದೇ ದಿನಚರಿ. ಒಂದಕ್ಕೊಂದು ಜೋಡಿಸಿದ ಎರಡು ತೆಳು ಒಡಲು, ನಡುವೆ ಅಗಲವಾದ ಅಟ್ಟ, ಅದರ ಮೇಲೆ ಬಿಸಿಲಿಗೆ ಮೈಯೊಡ್ಡಿ ಮಲಗಿದ ಜನ. ಇಷ್ಟೇ ಆ ನೌಕೆ.

ಅದರ ಹೆಸರನ್ನು ಒಮ್ಮೆ ನಿಧಾನವಾಗಿ ಬಿಡಿಸಿ ಓದಿ. ಕೆಟ-ಮರಾನ್. ಕಟ್ಟು, ಮರ. ಇಂಗ್ಲಿಷ್ ನಿಘಂಟುಗಳು ಈ ಪದದ ಮೂಲ ತಮಿಳಿನ 'ಕಟ್ಟುಮರಂ' ಎಂದು ಹೇಳುತ್ತವೆ. ಅದು ಸರಿ. ಆದರೆ ಅದರ ಅರ್ಥ ತಿಳಿಯಲು ಕನ್ನಡಿಗನಿಗೆ ನಿಘಂಟು ಬೇಕಿಲ್ಲ. ಐರೋಪ್ಯ ಶ್ರೀಮಂತರ ವಿಹಾರನೌಕೆಯ ಹೆಸರು ನಮ್ಮ ಬೆಸ್ತರ ಕೇರಿಯ ಮಾತಿನಿಂದ ಹುಟ್ಟಿದ್ದು ಎಂದರೆ ಸ್ವಲ್ಪ ಬೀಗಬಹುದು. ಬೀಗುವ ಮೊದಲು ಕಥೆಯ ಉಳಿದ ಭಾಗವನ್ನೂ ಕೇಳಬೇಕು.

ಈ ಪದವನ್ನು ಇಂಗ್ಲಿಷಿಗೆ ಪರಿಚಯಿಸಿದವರಲ್ಲಿ ಒಬ್ಬ ವಿಲಿಯಂ ಡ್ಯಾಂಪಿಯರ್. ಅರ್ಧ ನಾವಿಕ, ಅರ್ಧ ಕಡಲ್ಗಳ್ಳ. 1697ರಲ್ಲಿ ಅಚ್ಚಾದ ಆತನ ಪ್ರವಾಸಕಥನದಲ್ಲಿ ಕೋರಮಂಡಲ ತೀರದ ಕಟ್ಟುಮರದ ಪ್ರಸ್ತಾಪವಿದೆ. ಆದರೆ ಅದು ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಮಾಡಿದ ತೆಪ್ಪ. ಒಳಗೆ ಟೊಳ್ಳಿಲ್ಲ, ಪಕ್ಕಕ್ಕೆ ಗೋಡೆಯಿಲ್ಲ. ಅಲೆ ಮೇಲೆ ಬಂದರೆ ನೀರು ದಿಮ್ಮಿಗಳ ಸಂದಿನಿಂದ ಕೆಳಗಿಳಿದುಹೋಗುತ್ತದೆ. ಮೀನುಗಾರ ನೆನೆಯುತ್ತಾನೆ, ಮುಳುಗುವುದಿಲ್ಲ. ದಡಕ್ಕೆ ಬಂದ ಮೇಲೆ ಹಗ್ಗ ಬಿಚ್ಚಿ ದಿಮ್ಮಿಗಳನ್ನು ಮರಳಿನ ಮೇಲೆ ಒಣಗಲು ಬಿಡುತ್ತಾನೆ. ಬಂದರಿಲ್ಲದ, ಅಲೆ ಒಡೆಯುವ ತೀರಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ಹುಡುಕುವುದು ಕಷ್ಟ.

ಎರಡು ಒಡಲಿನ ನೌಕೆ ಬಂದದ್ದು ಬೇರೆ ಕಡೆಯಿಂದ. ಪೆಸಿಫಿಕ್ ಸಾಗರದ ಪಾಲಿನೇಷಿಯಾ ದ್ವೀಪವಾಸಿಗಳು ಎರಡು ಉದ್ದನೆಯ ದೋಣಿಗಳನ್ನು ಅಡ್ಡತೊಲೆಗಳಿಂದ ಜೋಡಿಸಿ, ಹಾಯಿ ಕಟ್ಟಿ, ಹೆಂಡತಿ ಮಕ್ಕಳು, ಹಂದಿ ಕೋಳಿ, ಗೆಡ್ಡೆಗೆಣಸಿನ ಬೀಜಗಳ ಸಮೇತ ಸಾವಿರಾರು ಮೈಲಿ ಸಾಗಿ ಹವಾಯಿ, ನ್ಯೂಜಿಲೆಂಡ್‌ಗಳಲ್ಲಿ ನೆಲೆಸಿದರು. ಐರೋಪ್ಯರು ಇಂತಹ ದೋಣಿಗಳನ್ನು ಕಂಡಾಗ, ಕಟ್ಟಿ ಜೋಡಿಸಿದ ಎಲ್ಲಕ್ಕೂ ತಾವು ಮೊದಲೇ ಕಲಿತಿದ್ದ ತಮಿಳು ಹೆಸರನ್ನೇ ಅಂಟಿಸಿದರು. ಹೀಗೆ ಹೆಸರು ನಮ್ಮ ದಕ್ಷಿಣದ್ದು, ರೂಪ ಪೆಸಿಫಿಕ್ಕಿನದು.

ಯೂರೋಪಿನವರು ತಾವಾಗಿಯೂ ಪ್ರಯತ್ನಿಸದೆ ಇರಲಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತನಾದ ವಿಲಿಯಂ ಪೆಟ್ಟಿ 1662ರಲ್ಲಿ ಡಬ್ಲಿನ್‌ನಲ್ಲಿ ಜೋಡಿ ಒಡಲಿನ ನೌಕೆಯೊಂದನ್ನು ಕಟ್ಟಿಸಿದ. ಅವನ ಮತ್ತೊಂದು ನೌಕೆ 'ಎಕ್ಸ್‌ಪೆರಿಮೆಂಟ್' 1665ರಲ್ಲಿ ಬಿರುಗಾಳಿಗೆ ಸಿಕ್ಕಿ ಕಣ್ಮರೆಯಾಯಿತು. ಎರಡು ಶತಮಾನಗಳ ನಂತರ, 1876ರಲ್ಲಿ, ಅಮೆರಿಕದ ನಥಾನಿಯಲ್ ಹೆರೆಶಾಫ್ ಎಂಬ ನೌಕಾಶಿಲ್ಪಿ 'ಅಮರಿಲ್ಲಿಸ್' ಎಂಬ ಜೋಡಿದೋಣಿಯನ್ನು ನ್ಯೂಯಾರ್ಕ್ ಪಂದ್ಯಕ್ಕಿಳಿಸಿ ದೊಡ್ಡ ದೊಡ್ಡ ಹಾಯಿದೋಣಿಗಳನ್ನೆಲ್ಲ ಹಿಂದೆ ಹಾಕಿದ. ಸೋತವರು ಏನು ಮಾಡಿದರು? ಆ ಬಗೆಯ ದೋಣಿಯನ್ನೇ ಪಂದ್ಯದಿಂದ ಹೊರಗಿಟ್ಟರು. ಗೆಲ್ಲಲಾಗದಿದ್ದರೆ ನಿಯಮ ಬದಲಿಸುವುದು ನಮ್ಮಲ್ಲಿ ಮಾತ್ರ ಇರುವ ಅಭ್ಯಾಸವಲ್ಲ! ಮುಂದೆ 1990ರಲ್ಲಿ ಆಸ್ಟ್ರೇಲಿಯಾದಲ್ಲಿ ತಯಾರಾದ ಕೆಟಮರಾನೊಂದು ಅಟ್ಲಾಂಟಿಕ್ ಸಾಗರವನ್ನು ಸುಮಾರು 3 ದಿನ 8 ಗಂಟೆಗಳಲ್ಲಿ ದಾಟಿ, ಪ್ರಯಾಣಿಕ ಹಡಗುಗಳ ವೇಗಕ್ಕೆ ಮೀಸಲಾದ ಹೇಲ್ಸ್ ಟ್ರೋಫಿಯನ್ನು ಗೆದ್ದುಕೊಂಡಿತು.

ಕರ್ನಾಟಕಕ್ಕೂ ಕೆಟಮರಾನ್ ಬಂದಿದೆ. ವಿಹಾರಕ್ಕಲ್ಲ, ಕೆಲಸಕ್ಕೆ. ಸಮುದ್ರದ ತಳವನ್ನು ಅಳೆದು ನಕ್ಷೆ ಮಾಡುವ ನೌಕಾಪಡೆಯ 'ಐಎನ್‌ಎಸ್ ಮಕರ' 2012ರಲ್ಲಿ ಕಾರವಾರದಲ್ಲಿ ಸೇವೆಗೆ ಸೇರಿತು. ಅದೂ ಜೋಡಿ ಒಡಲಿನ ಹಡಗೇ. ತಳ ಅಳೆಯುವ ಉಪಕರಣಕ್ಕೆ ಅಲುಗಾಡದ ನೆಲೆ ಬೇಕಲ್ಲವೆ?

ಆದರೆ ಜೋಡಿಸುವ ಬುದ್ಧಿ ನಮ್ಮ ನೀರಿಗೆ ಹೊಸದಲ್ಲ. ಕ್ರಿಸ್ತಶಕ ಒಂದನೆಯ ಶತಮಾನದ 'ಪೆರಿಪ್ಲಸ್' ಎಂಬ ಗ್ರೀಕ್ ಭಾಷೆಯ ನೌಕಾಯಾನದ ಕೈಪಿಡಿಯಲ್ಲಿ, ದಕ್ಷಿಣ ಭಾರತದ ಪೂರ್ವ ತೀರದ ಬಂದರುಗಳಲ್ಲಿ ಇಡೀ ಮರಗಳನ್ನು ಒಂದಕ್ಕೊಂದು ಬಿಗಿದು ಮಾಡಿದ ದೊಡ್ಡ ನೌಕೆಗಳ ಮಾತು ಬರುತ್ತದೆ. ಅವುಗಳ ಹೆಸರು 'ಸಂಗರ' ಎಂದು ಆ ಲೇಖಕ ಬರೆದಿದ್ದಾನೆ. ಇದನ್ನು ವಿದ್ವಾಂಸರು ಜೋಡಣೆ ಎಂಬ ಅರ್ಥದ ಸಂಸ್ಕೃತದ 'ಸಂಘಾಟ'ಕ್ಕೂ ಮಲಯಾಳದ 'ಚಙ್ಙಾಡ'ಕ್ಕೂ ಹೊಂದಿಸುತ್ತಾರೆ. ನಾವು ದಿನನಿತ್ಯ 'ಅವನ ಸಂಗಡ ಹೋದೆ' ಎನ್ನುವಾಗಿನ 'ಸಂಗಡ'ದ ಸದ್ದೂ ಇದರಲ್ಲಿ ಕೇಳಿಸುವುದಿಲ್ಲವೆ? ಪೋರ್ಚುಗೀಸರು ಮಲಬಾರಿನಲ್ಲಿ ಈ ಮಾತನ್ನು ಕಲಿತು 'ಜಂಗಾಡ' ಮಾಡಿಕೊಂಡರು, ಹಡಗಿನಲ್ಲಿ ಬ್ರೆಜಿಲ್‌ಗೂ ಒಯ್ದರು. ಅಲ್ಲಿನ ಬೆಸ್ತರ ಹಾಯಿತೆಪ್ಪಕ್ಕೆ ಇಂದಿಗೂ ಅದೇ ಹೆಸರು. ಇತ್ತ ಕೇರಳದಲ್ಲಿ ವಾಹನಗಳನ್ನು ಸಾಗಿಸುವ ದೋಣಿ 'ಜಂಗಾರ್' ಆಯಿತು, ನಮ್ಮ ಕರಾವಳಿಯಲ್ಲಿ 'ಜಂಗಲ್'. ಹೊಳೆಗಳಿಗೆ ಸೇತುವೆ ಬರುವ ಮುನ್ನ ಎರಡು ದೋಣಿಗಳ ಮೇಲೆ ಹಲಗೆ ಹಾಸಿ ಗಾಡಿ, ಕಾರು, ಜನ, ದನಗಳನ್ನೆಲ್ಲ ದಾಟಿಸಿದ್ದು ಈ ಜಂಗಲ್ಲೇ. ಅಂದರೆ ಸ್ಯಾಂಟೊರಿನಿಯ ವಿಹಾರನೌಕೆಗೆ ನಿಜವಾದ ಸೋದರ ನಮ್ಮ ಕಡೆ ಹುಡುಕಿದರೆ ಸಿಗುವುದು ಕಟ್ಟುಮರವಲ್ಲ, ಜಂಗಲ್.

ಬಯಲುಸೀಮೆಯವರ ಪಾಲಿಗೆ ಈ ಯಾವುದೂ ಇರಲಿಲ್ಲ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯನ್ನು ನೋಡಿ. ಸಮುದ್ರಮಟ್ಟದಿಂದ 731 ಮೀಟರ್ ಎತ್ತರದಲ್ಲಿ ಶಿಂಷಾ ನದಿಗೆ ಅಡ್ಡಲಾಗಿ ಕಟ್ಟಿದ ಜಲಾಶಯ. ತುಂಬಿದಾಗ ನೀರು ನಿಲ್ಲುವುದು 1,336 ಹೆಕ್ಟೇರಿನಲ್ಲಿ. ದೇವರಾಯನದುರ್ಗದ ಕಡೆಯಿಂದ ಹರಿದುಬಂದ ಶಿಂಷೆ ಇಲ್ಲಿ ಸ್ವಲ್ಪ ವಿರಮಿಸಿ, ಸುಮಾರು 15 ಸಾವಿರ ಎಕರೆಗೆ ನೀರುಣಿಸಿ, ಕೆಳಗೆ ಹೋಗಿ ಕಾವೇರಿಯನ್ನು ಸೇರುತ್ತದೆ. ಇಂತಹ ಜಲಾಶಯಗಳಲ್ಲಿ ಮೀನು ಹಿಡಿಯುವವರ ವಾಹನ ಹರಿಗೋಲು. ನಮ್ಮ ಜನ ಅದನ್ನೇ ತೆಪ್ಪ ಎಂದೂ ಕರೆಯುತ್ತಾರೆ. ಬಿದಿರಿನ ಬುಟ್ಟಿ, ಅದಕ್ಕೆ ಹೊರಗಿನಿಂದ ಹೊದಿಕೆ. ಹಿಂದೆ ಹೊದಿಕೆ ತೊಗಲಿನದು, ಈಗ ಡಾಂಬರು ಬಳಿದ ಪ್ಲಾಸ್ಟಿಕ್ಕಿನದು.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಯಸ್ ಆನೆಗೊಂದಿಯ ಬಳಿ ತುಂಗಭದ್ರೆಯಲ್ಲಿ ಹರಿಗೋಲುಗಳನ್ನು ಕಂಡು ಬೆರಗಾದ. ಒಂದೊಂದರಲ್ಲಿ 15-20 ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ, ಆದರೆ ಈ ದೋಣಿ ನೆಟ್ಟಗೆ ಹೋಗದೆ ಗಿರಗಿರನೆ ತಿರುಗುತ್ತಲೇ ಇರುತ್ತದೆ ಎಂದು ಆತ ಬರೆದಿಟ್ಟ. ಕಡಲಿನವನ ಕಣ್ಣಿಗೆ ಅದು ಕೊರತೆಯಾಗಿ ಕಂಡಿರಬೇಕು. ಆದರೆ ದುಂಡಗಿನ ಚಪ್ಪಟೆ ತಳದ ಬುಟ್ಟಿಗೆ ಮುಂದೆ ಹಿಂದೆ ಎಂಬುದಿಲ್ಲ. ಸುಳಿಗೆ ಸಿಕ್ಕರೂ ಬಂಡೆಗೆ ತಾಗಿದರೂ ತಿರುಗಿ ಪಾರಾಗುತ್ತದೆ. ಮೊಣಕಾಲುದ್ದ ನೀರು ಸಾಕು. ಮಿಗಿಲಾಗಿ, ಕೆಲಸ ಮುಗಿದ ಮೇಲೆ ಒಬ್ಬನೇ ತಲೆಯ ಮೇಲೆ ಹೊತ್ತುಕೊಂಡು ಮನೆಗೆ ಹೋಗಬಹುದು.

ಇಲ್ಲಿ ಇನ್ನೊಂದು ತೆಪ್ಪವನ್ನೂ ನೆನೆಯಬೇಕು. ಮೇಲುಕೋಟೆಯ ಕಲ್ಯಾಣಿಯಿರಲಿ, ಚಾಮುಂಡಿಬೆಟ್ಟದ ದೇವಿಕೆರೆಯಿರಲಿ, ತೆಪ್ಪೋತ್ಸವದ ದಿನ ಉತ್ಸವಮೂರ್ತಿ ಕುಳಿತುಕೊಳ್ಳುವುದು ಒಂಟಿ ದೋಣಿಯಲ್ಲಲ್ಲ. ದೋಣಿಗಳನ್ನೋ ಪೀಪಾಯಿಗಳನ್ನೋ ಜೋಡಿಸಿ, ಮೇಲೆ ಅಟ್ಟ ಕಟ್ಟಿ, ಅದರ ಮೇಲೆ ಮಂಟಪ ನಿಲ್ಲಿಸುವುದು ಊರೂರುಗಳಲ್ಲಿ ಕಾಣುವ ಪದ್ಧತಿ. ಮಂಟಪದ ಭಾರ ಮೇಲಿರುತ್ತದೆ. ಅರ್ಚಕರು, ವಾದ್ಯದವರು ಅತ್ತಿಂದಿತ್ತ ಓಡಾಡುತ್ತಾರೆ. ಆದರೂ ದೇವರು ವಾಲುವಂತಿಲ್ಲ. ದೇವರ ವಿಷಯದಲ್ಲಿ ನಾವು ಎಂದೋ ಕಂಡುಕೊಂಡ ಈ ಎಚ್ಚರವನ್ನು ಮನುಷ್ಯರ ವಿಷಯದಲ್ಲಿ ಅಷ್ಟಾಗಿ ಪಾಲಿಸಿಲ್ಲ.

ಇದರ ಹಿಂದಿನ ವಿಜ್ಞಾನ ಸರಳ. ತಿರುವಿನಲ್ಲಿ ಓಡುವ ಬಸ್ಸಿನಲ್ಲಿ ಕಂಬಿ ಸಿಗದೆ ನಿಂತವನು ಏನು ಮಾಡುತ್ತಾನೆ? ಕಾಲುಗಳನ್ನು ಅಗಲಿಸುತ್ತಾನೆ. ದೋಣಿಗೂ ಅದೇ ಉಪಾಯ. ದೋಣಿ ಒಂದು ಬದಿಗೆ ವಾಲಿದಾಗ ಆ ಬದಿ ಹೆಚ್ಚು ಮುಳುಗುತ್ತದೆ, ಅಲ್ಲಿ ನೀರು ಹೆಚ್ಚು ಬಲವಾಗಿ ಮೇಲಕ್ಕೆ ಒತ್ತುತ್ತದೆ, ಒತ್ತಿ ನೆಟ್ಟಗೆ ನಿಲ್ಲಿಸಲು ನೋಡುತ್ತದೆ. ಒಂಟಿ ಒಡಲಿನಲ್ಲಿ ಈ ಒತ್ತುವ ಜಾಗ ನಡುವಿಗೆ ಹತ್ತಿರ. ಎರಡು ಒಡಲುಗಳನ್ನು ದೂರದೂರ ಇಟ್ಟರೆ ಅದು ನಡುವಿನಿಂದ ಬಹಳ ಆಚೆ ಹೋಗುತ್ತದೆ. ಸನ್ನೆಗೋಲು ಉದ್ದವಾದಷ್ಟೂ ಬಲ ಹೆಚ್ಚು. ಅದೇ ಒಡಲುಗಳ ನಡುವಿನ ಅಂತರವನ್ನು ದುಪ್ಪಟ್ಟು ಮಾಡಿದರೆ ವಾಲುವಿಕೆಯನ್ನು ತಡೆಯುವ ಶಕ್ತಿ ಸುಮಾರು ನಾಲ್ಕು ಪಟ್ಟಾಗುತ್ತದೆ. ಅಗಲದಿಂದಲೇ ಸ್ಥಿರತೆ ಸಿಗುವುದರಿಂದ ಒಡಲುಗಳನ್ನು ಕತ್ತಿಯಂತೆ ತೆಳ್ಳಗೆ ಮಾಡಬಹುದು. ತೆಳು ಒಡಲು ನೀರನ್ನು ಕಡಿಮೆ ಕದಡುತ್ತದೆ, ಆದ್ದರಿಂದ ವೇಗ. ದೋಷವೂ ಇದೆ. ವಿಪರೀತ ಗಾಳಿಗೆ ಒಮ್ಮೆ ಪೂರ್ತಿ ಮಗುಚಿದರೆ, ನೆಟ್ಟಗಿದ್ದಾಗ ಎಷ್ಟು ಭದ್ರವೋ ತಲೆಕೆಳಗಾದಾಗಲೂ ಅಷ್ಟೇ ಭದ್ರ! ತಾನಾಗಿ ಮತ್ತೆ ಎದ್ದು ನಿಲ್ಲುವುದಿಲ್ಲ.

ಒಂಟಿ ಒಡಲಿನ ಮೇಲೆ ಭಾರ ಹೆಚ್ಚಾದರೆ, ಅದರಲ್ಲೂ ಭಾರ ಎತ್ತರಕ್ಕೇರಿದರೆ ಏನಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಕಾರವಾರದ ಬಳಿ ಸಮುದ್ರದಲ್ಲಿರುವ ಕೂರ್ಮಗಡ ದ್ವೀಪದಲ್ಲಿ ವರ್ಷಕ್ಕೊಮ್ಮೆ ನರಸಿಂಹ ದೇವರ ಜಾತ್ರೆ. ಜನ ಬೆಳಿಗ್ಗೆ ದೋಣಿಯಲ್ಲಿ ಹೋಗಿ, ಹಣ್ಣುಕಾಯಿ ಮಾಡಿಸಿ, ಸಂಜೆಯೊಳಗೆ ಹಿಂದಿರುಗುತ್ತಾರೆ. ದ್ವೀಪಕ್ಕೆ ಒಂದು ದಿನದ ಕಡಲಯಾನ ಎಂದರೆ ನಮ್ಮವರಿಗೆ ಇದೇ. 2019ರ ಜನವರಿ 21ರಂದು ಹಾಗೆ ಹಿಂದಿರುಗುತ್ತಿದ್ದ ದೋಣಿಯೊಂದು ಮಗುಚಿ 16 ಜನ ಸತ್ತರು. ದೋಣಿಯಲ್ಲಿ ಮಿತಿಮೀರಿ ಜನರಿದ್ದರೆಂದು ಆಗ ವರದಿಯಾಯಿತು. 2023ರ ಮೇ ತಿಂಗಳಲ್ಲಿ ಕೇರಳದ ತಾನೂರಿನಲ್ಲಿ ಮೀನುಗಾರಿಕೆಯ ದೋಣಿಗೆ ಮೇಲಂತಸ್ತು ಕಟ್ಟಿ ಪ್ರವಾಸಿ ದೋಣಿ ಮಾಡಿದ್ದು ಮಗುಚಿ 22 ಜೀವಗಳು ಹೋದವು. ಬಲೆ, ಮಂಜುಗಡ್ಡೆ, ಮೀನು ಎಲ್ಲವೂ ತಳದಲ್ಲಿರಬೇಕೆಂದು ಮಾಡಿದ ಒಡಲಿನ ನೆತ್ತಿಯ ಮೇಲೆ ಜನರನ್ನು ಕೂರಿಸಿದ ಫಲ ಅದು.

ನೀರು ಮುನ್ಸೂಚನೆ ಕೊಡುತ್ತದೆ ಎಂದು ನಂಬುವುದೂ ತಪ್ಪು. ಮಾರ್ಕೋನಹಳ್ಳಿಯ ಹೆಸರುವಾಸಿಗೆ ಕಾರಣವಾದ ಸೈಫನ್ ಇದಕ್ಕೆ ಸಾಕ್ಷಿ. ಅದಕ್ಕೆ ಗೇಟಿಲ್ಲ, ತಿರುಪು ತಿರುಗಿಸುವ ನೌಕರನಿಲ್ಲ. ನೀರು ನಿಗದಿತ ಮಟ್ಟ ದಾಟಿದೊಡನೆ ಕೊಳವೆಯೊಳಗಿನ ಗಾಳಿ ಹೊರಬಿದ್ದು, ಸೈಫನ್ ತಾನೇ ನೀರನ್ನು ಎಳೆದು ಕೆಳಗೆ ಧುಮ್ಮಿಕ್ಕಿಸುತ್ತದೆ. ಮಟ್ಟ ಇಳಿದು ಗಾಳಿ ಒಳಹೊಕ್ಕರೆ ತಾನೇ ನಿಲ್ಲುತ್ತದೆ. ಅಣೆಕಟ್ಟಿಗೆ ಇದು ರಕ್ಷೆ. ಕೆಳಗೆ ನೀರಾಟಕ್ಕೆ ಇಳಿದವರಿಗೆ ಅಲ್ಲ. 2025ರ ಅಕ್ಟೋಬರಿನಲ್ಲಿ ಹೀಗೆ ಏಕಾಏಕಿ ಬಂದ ನೀರಿನಲ್ಲಿ ಒಂದೇ ಕುಟುಂಬದ ಹಲವರು ಕೊಚ್ಚಿಹೋದರು.

ವಿಹಾರವೇ ಬೇಡ ಎನ್ನುವಂತಿಲ್ಲ. ಮಲ್ಪೆಯಿಂದ ಕೆಲವೇ ಕಿಲೋಮೀಟರ್ ದೂರದ ಸೇಂಟ್ ಮೇರೀಸ್ ದ್ವೀಪಗಳು ಯಾವ ಸ್ಯಾಂಟೊರಿನಿಗೂ ಕಡಿಮೆಯಿಲ್ಲ. ಅದೂ ಜ್ವಾಲಾಮುಖಿಯ ಕೂಸು, ಇದೂ ಜ್ವಾಲಾಮುಖಿಯ ಕೂಸು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಕಳಚಿಕೊಂಡ ಕಾಲದಲ್ಲಿ ಉಕ್ಕಿದ ಶಿಲಾರಸ ಆರುತ್ತ ಬಿರಿದು, ಯಾರೋ ಕಡೆದು ನಿಲ್ಲಿಸಿದಂತೆ ಕೋನಕೋನವಾದ ಕಂಬಗಳಾಗಿ ನಿಂತಿದೆ. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಇಳಿದಿದ್ದ ಎಂಬುದು ಪ್ರತೀತಿ. ಅಲ್ಲಿಗೆ ಹೋಗುವ ದೋಣಿಯಲ್ಲಿ ಯಾರಾದರೂ 'ಡಾಲ್ಫಿನ್!' ಎಂದು ಕೂಗಿದರೆ ಎಲ್ಲರೂ ಅದೇ ಬದಿಗೆ ನುಗ್ಗುತ್ತಾರೆ. ಬಳಿಕ ದೋಣಿಯವನು ಗದರಬೇಕಾಗುತ್ತದೆ.

ಹಾಗಿದ್ದರೆ ಇಂತಹ ಕಡೆಗಳಿಗೆಲ್ಲ ಜೋಡಿ ಒಡಲಿನ ನೌಕೆ ಏಕಾಗಬಾರದು? ಅದಕ್ಕೆ ಆಳ ಕಡಿಮೆ ಸಾಕು, ಮರಳು ತುಂಬುವ ನಮ್ಮ ಅಳಿವೆಗಳಿಗೆ ಅದು ಅನುಕೂಲವೇ. ಅಡ್ಡಿಯಿರುವುದು ಲೆಕ್ಕದಲ್ಲಿ. ಎರಡು ಒಡಲು, ಸಾಮಾನ್ಯವಾಗಿ ಎರಡು ಎಂಜಿನ್, ಕಟ್ಟಿ ನಿಲ್ಲಿಸಲು ಹೆಚ್ಚು ಅಗಲದ ದಕ್ಕೆ. ಮಳೆಗಾಲವಿಡೀ ಪ್ರವಾಸಿಗರಿಲ್ಲ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಹೀಗಾಗಿ ಬಂಡವಾಳ ಹೂಡುವವರು ಕೈಗೆ ಸಿಕ್ಕ ಹಳೆಯ ಮೀನುಗಾರಿಕೆ ದೋಣಿಗೇ ಬಣ್ಣ ಬಳಿದು, ಬೆಂಚು ಜೋಡಿಸಿ, ಟಿಕೆಟ್ ಹರಿಯುತ್ತಾರೆ. 2021ರ ಒಳನಾಡು ಹಡಗುಗಳ ಕಾಯ್ದೆ ನದಿ, ಹಿನ್ನೀರುಗಳ ಯಾಂತ್ರಿಕ ದೋಣಿಗಳಿಗೆ ನೋಂದಣಿ, ತಪಾಸಣೆ ಎರಡನ್ನೂ ಕಡ್ಡಾಯ ಮಾಡಿದೆ. ತಾನೂರಿನ ದೋಣಿ ಮಗುಚಿದ್ದು ಆ ಕಾಯ್ದೆ ಬಂದ ಎರಡು ವರ್ಷಕ್ಕೆ.